ಕಾರೋ ವಿಮಾನವೋ ಎಂದು ಅಮ್ಮನವರನ್ನು ಕೇಳಿದ್ದು

ಹಡಗಿನ ಮಾತು ನಮ್ಮ ಮನೆಗೆ ಬಂದದ್ದು ಮಗಳಿಂದ. ಮೈಸೂರಿನಲ್ಲಿರುವ ಅವಳೂ ಅಳಿಯನೂ ನಮ್ಮ ಮದುವೆಯ ಮೂವತ್ತೈದನೇ ವರ್ಷಕ್ಕೆಂದು ಕೊಚ್ಚಿಯಿಂದ ಹೊರಡುವ ಪ್ರವಾಸದ ಹಡಗಿನಲ್ಲಿ ಐದು ಜನಕ್ಕೆ ಜಾಗ ಹಿಡಿದಿದ್ದರು. ಅವರಿಬ್ಬರು, ಅವರ ಆರು ವರ್ಷದ ಮಗಳು, ನಾವಿಬ್ಬರು. ಮೂರು ದಿನ ಸಮುದ್ರದ ಮೇಲೆ. ನಾನು ಸಮುದ್ರ ನೋಡಿದ್ದು ದಡದಲ್ಲಿ ನಿಂತು ಮಾತ್ರ, ಅದೂ ಕರಾವಳಿಯ ದೇವಸ್ಥಾನಗಳಿಗೆ ಹೋದಾಗ, ಪಾದ ನೆನೆಯುವಷ್ಟು. ಆದರೂ ಬೇಡ ಅನ್ನಲಿಲ್ಲ. ರೊಬಸ್ಟಾ ಕಾಫಿಯ ಕೊಯ್ಲು ಮುಗಿದು, ಗಿಡ ಹೂ ಬಿಡಿಸುವ ಹೂಮಳೆ ಬರುವುದಕ್ಕೆ ಮುಂಚಿನ ಹದಿನೈದು ದಿನ ತೋಟದವರಿಗೆ ಸಿಗುವ ಬಿಡುವು. ಹಡಗಿನ ತಾರೀಕು ಸರಿಯಾಗಿ ಅದರೊಳಗೇ ಬಿದ್ದಿತ್ತು. ಅದೂ ಒಂದು ಪುಣ್ಯ ಅಂದುಕೊಂಡೆ.

ಹಡಗು ಹತ್ತುವುದರಲ್ಲಿ ತಕರಾರಿರಲಿಲ್ಲ. ಕೊಚ್ಚಿಯ ತನಕ ಹೋಗುವುದು ಹೇಗೆ ಎಂಬುದರಲ್ಲೇ ಎಲ್ಲ ತಕರಾರು. ನೀವಿಬ್ಬರೂ ಟ್ಯಾಕ್ಸಿಯಲ್ಲಿ ಬೆಂಗಳೂರಿನ ಏರ್‌ಪೋರ್ಟಿಗೆ ಬನ್ನಿ, ಅಲ್ಲಿಂದ ಎಲ್ಲರೂ ಒಟ್ಟಿಗೆ ವಿಮಾನದಲ್ಲಿ ಹೋಗೋಣ ಅಂತ ಮಗಳು. ನಮ್ಮ ಕಾರಿನಲ್ಲೇ ಘಾಟಿ ಇಳಿದು ಮಂಗಳೂರಿನ ಮೇಲೆ ಹೋಗುತ್ತೇವೆ ಅಂತ ನಮ್ಮ ಯಜಮಾನರು.

"ಬೆಂಗ್ಳೂರಿಗೆ ಹೋಗಕ್ಕೇ ಒಂದು ಹಗಲು. ಅಲ್ಲಿ ಬೆಲ್ಟು ಬಿಚ್ಚಿ, ಚಪ್ಲಿ ಬಿಚ್ಚಿ, ಸಾಲಲ್ಲಿ ನಿಂತು ಒಂದು ಗಂಟೆ ಹಾರಕ್ಕೆ ಎಂಥಕ್ಕೆ ಮಾರಾಯ್ತಿ?" ಎಂದು ಇವರು ಫೋನಿನಲ್ಲಿ ಮಗಳಿಗೆ ಹೇಳುತ್ತಿದ್ದರು. "ಅಷ್ಟೊತ್ತಿಗೆ ನಾನೂ ನಿಮ್ಮಮ್ಮನೂ ಕೊಚ್ಚಿಲಿ ಕೂತು ಮೀನೂಟ ಮಾಡ್ತಿರ್ತೀವಿ."

"ಅಪ್ಪ, ದಾರೀಲಿ ಟೈರು ಹೋದ್ರೆ ಹಡಗು ಕಾಯಲ್ಲ. ಅದೇನು ನಮ್ಮ ಗೋಣಿಬೀಡಿನ ಬಸ್ಸಾ, ಕೈ ತೋರಿಸಿದ್ರೆ ನಿಲ್ಲಕ್ಕೆ?"

ಇವರು ನಕ್ಕು ಫೋನು ನನ್ನ ಕೈಗೆ ಕೊಡುತ್ತಿದ್ದರು. ನಾನು ಯಾರ ಕಡೆ ಅಂತ ಈಗ ಒಪ್ಪಿಕೊಳ್ಳಬೇಕು. ನಾನು ಕಾರಿನ ಕಡೆಯೇ ಇದ್ದೆ. ವಿಮಾನ ಅಂದರೆ ನನಗೆ ಹೆದರಿಕೆ. ಕಾರಾದರೆ ಬುತ್ತಿ ಕಟ್ಟಿಕೊಳ್ಳಬಹುದು, ದಾರಿಯಲ್ಲಿ ಎರಡು ಮೂರು ದೇವಸ್ಥಾನಗಳಲ್ಲಿ ಕೈ ಮುಗಿಯಬಹುದು, ನಲವತ್ತು ವರ್ಷದಿಂದ ಘಾಟಿಯಲ್ಲಿ ಗಾಡಿ ಓಡಿಸಿದ ಮನುಷ್ಯನ ಪಕ್ಕದಲ್ಲಿ ಕೂತಿರಬಹುದು. ಅದಕ್ಕೇ ಮಾತು ಮುಗಿಯದೆ ಹೋದಾಗ, "ಅಮ್ಮನವರನ್ನೇ ಕೇಳೋಣ" ಎಂದವಳು ನಾನು. ಗುಡಿಯ ಅಮ್ಮನವರು ಕಾರಿಗೇ ಹೂಂ ಅನ್ನಲಿ ಎಂಬ ಆಸೆ ಮನಸ್ಸಿನಲ್ಲಿ ಇತ್ತು.

ಗುಡಿಗೆ ಹೋದ ದಿನದ ವಿಷಯ ಬರೆಯುವ ಮೊದಲು ಅದರ ಹಿಂದಿನ ನಾಲ್ಕಾರು ತಿಂಗಳದ್ದು ಸ್ವಲ್ಪ ಹೇಳಬೇಕು.

ನನಗೊಂದು ಅಭ್ಯಾಸ. ಬೆಳಿಗ್ಗೆ ದೀಪ ಹಚ್ಚುವಾಗ ಹಿಂದಿನ ದಿನ ಆದ ಸಣ್ಣಪುಟ್ಟ ಒಳ್ಳೆಯದನ್ನು ದೇವರ ಮುಂದೆ ಹೇಳಿಕೊಳ್ಳುತ್ತೇನೆ. ಕೆಲಸದವರು ಎಲ್ಲರೂ ಬಂದರು, ಪುಣ್ಯ. ಅಂಗಳದಲ್ಲಿ ಹರಡಿದ ಕಾಫಿ ನೆನೆಯಲಿಲ್ಲ, ಪುಣ್ಯ. ದೊಡ್ಡದನ್ನು ಕೇಳಿ ನನಗೆ ಅಭ್ಯಾಸವಿಲ್ಲ. ಆ ತಿಂಗಳುಗಳಲ್ಲಿ ನಾನು ಹಾಗೆ ಹೇಳಿಕೊಂಡ ಪುಣ್ಯಗಳಲ್ಲಿ ಬಹಳಷ್ಟು ಇವರದ್ದೇ ಆಗಿದ್ದವು.

ಮೊದಲನೆಯದು ಉಪ್ಪಿನಕಾಯಿ. ತಟ್ಟೆಯಲ್ಲಿ ಉಂಡರೂ ಎಲೆಯ ಮೇಲೆ ಬಡಿಸುವ ಕ್ರಮದಲ್ಲೇ ಬಡಿಸಬೇಕು ಎಂಬುದು ನಮ್ಮತ್ತೆ ಹಾಕಿಕೊಟ್ಟ ರೂಢಿ. ಎಡಗಡೆ ತುದಿಗೆ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಪಲ್ಯ ಬಲಕ್ಕೆ. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಇವರು, "ಉಪ್ಪಿನಕಾಯಿ ಹಾಕಿಲ್ವಲ್ಲೇ" ಅಂದರು. ಹಾಕಿದ್ದೆ. ಕಾಣುವಂತೆಯೇ ಇತ್ತು. "ಕಣ್ಣೆದುರಿಗೇ ಇದ್ಯಲ್ರೀ" ಅಂದೆ. ಇವರು ಮುಖ ತಿರುಗಿಸಿ ನೋಡಿ, "ಹ್ಞಾ, ಇದೆ" ಅಂದರು. ಆಮೇಲೆ ಕೇಳುವುದನ್ನೇ ಬಿಟ್ಟರು. ಉಪ್ಪೂ ಉಪ್ಪಿನಕಾಯಿಯೂ ಹಾಗೇ ಉಳಿದ ತಟ್ಟೆಗಳನ್ನು ತೊಳೆಯುತ್ತಾ, ಬಿಪಿ ಇದೆ, ಉಪ್ಪು ಬಿಡಿ ಅಂತ ಡಾಕ್ಟರು ಹತ್ತು ಸಲ ಹೇಳಿದ್ದು ಕೊನೆಗೂ ಕಿವಿಗೆ ಬಿತ್ತಲ್ಲ ಅಂದುಕೊಂಡೆ. ಮರುದಿನ ದೇವರಿಗೆ ಹೇಳಿದೆ. ಪುಣ್ಯ.

ಆಮೇಲೆ ಪೇಪರು ಓದುವುದು ನಿಂತಿತು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಪೇಪರು ಹಿಡಿದು ಯಾರ‍್ಯಾರನ್ನೋ ಬೈಯದೆ ಇವರ ದಿನ ಶುರುವಾಗುತ್ತಿರಲಿಲ್ಲ. ಅದು ನಿಂತಾಗ ಮನೆಯಲ್ಲಿ ಎಷ್ಟು ಶಾಂತಿ. ಅದನ್ನೂ ಹೇಳಿಕೊಂಡೆ. ಗಾಡಿ ಓಡಿಸುವುದೂ ನಿಧಾನವಾಯಿತು. ವಯಸ್ಸಾದ ಮೇಲೆ ಬುದ್ಧಿ ಬಂತು ಅಂತ ಅದಕ್ಕೂ ಕೈ ಮುಗಿದೆ. ಕಾರಿನ ಎಡಬದಿಗೆ ಗೇಟಿನ ಕಂಬ ತಾಗಿ ಗೀರಾದಾಗ ಮಾತ್ರ, "ಈ ಗೇಟು ಯಾರು ಮಾಡ್ಸಿದ್ದು, ಒಂದು ಗಾಡಿ ಹೋಗಕ್ಕೂ ಜಾಗ ಇಲ್ಲ" ಅಂತ ಇವರು ಕೂಗಾಡಿದರು. ಗೇಟು ಇವರೇ ಮಾಡಿಸಿದ್ದು. ಇಪ್ಪತ್ತು ವರ್ಷ ಲಾರಿಯೂ ಅದರಲ್ಲೇ ಬಂದು ಹೋಗಿದೆ. ಆದರೆ ಯಾರಿಗೂ ಏನೂ ಆಗಲಿಲ್ಲವಲ್ಲ ಅಂತ ಅದನ್ನೂ ಪುಣ್ಯದ ಲೆಕ್ಕಕ್ಕೇ ಹಾಕಿದೆ.

ಅಮ್ಮನವರ ಗುಡಿ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ಅಲ್ಲಿ ಪ್ರಸಾದ ಕೇಳುವ ಪದ್ಧತಿ ನಮ್ಮ ಕಡೆಯವರಿಗೆಲ್ಲ ಗೊತ್ತು. ಅಭಿಷೇಕವಾದ ಒದ್ದೆ ಮೂರ್ತಿಯ ಎರಡೂ ಭುಜಕ್ಕೆ ಅರ್ಚಕರು ಹೂ ಅಂಟಿಸುತ್ತಾರೆ. ಕೇಳುವವರು ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಎದುರು ನಿಲ್ಲಬೇಕು. ಅಮ್ಮನವರ ಬಲಭುಜದ ಹೂ ಬಿದ್ದರೆ ಆಗಲಿ ಅಂತ, ಎಡಭುಜದ್ದು ಬಿದ್ದರೆ ಬೇಡ ಅಂತ. ಎದುರು ನಿಂತವರಿಗೆ ಅಮ್ಮನವರ ಬಲಗಡೆ ಅಂದರೆ ತಮ್ಮ ಎಡಗಡೆ. ಮನೆ ಕಟ್ಟುವಾಗ, ಮಗಳ ಮದುವೆಗೆ, ಹತ್ತು ಎಕರೆ ಕೊಳ್ಳುವಾಗ, ಎಲ್ಲದಕ್ಕೂ ಕೇಳಿದ್ದೇವೆ. ಬಂದ ಪ್ರಸಾದಕ್ಕೆ ಎದುರಾಗಿ ನಾವು ಒಂದು ಹೆಜ್ಜೆಯೂ ಇಟ್ಟವರಲ್ಲ.

ಮಧ್ಯಾಹ್ನದ ಪೂಜೆಯ ಹೊತ್ತು. ಅರ್ಚಕರನ್ನು ಬಿಟ್ಟರೆ ಗುಡಿಯಲ್ಲಿ ನಾವಿಬ್ಬರೇ. ಕಾರಿನಲ್ಲಿ ಹೋಗಬಹುದೇ ಎಂದು ಕೇಳಿಕೊಂಡು ಇವರು ಕೈ ಮುಗಿದು ನಿಂತರು. ನಾನು ಒಂದು ಹೆಜ್ಜೆ ಹಿಂದೆ ಇದ್ದೆ. ಬಹಳ ಹೊತ್ತು ಏನೂ ಆಗಲಿಲ್ಲ. ದೀಪದ ಎಣ್ಣೆ ಚಿಟಚಿಟ ಅನ್ನುವುದು ಕೇಳುತ್ತಿತ್ತು. ಆಮೇಲೆ ಅಮ್ಮನವರ ಬಲಭುಜದ ಕೆಂಪು ದಾಸವಾಳ ಮೆಲ್ಲಗೆ ಜಾರಿ, ತೋಳಿನ ಮೇಲೆ ಒಂದು ಗಳಿಗೆ ನಿಂತು, ಪೀಠದ ಮೇಲೆ ಬಿತ್ತು. ನನಗೆ ಕಣ್ಣು ತುಂಬಿ ಬಂತು.

"ಆಯ್ತಲ್ಲ ಗೌಡ್ರೇ" ಅಂದರು ಅರ್ಚಕರು.

ಇವರು ಕೈ ಇಳಿಸಲಿಲ್ಲ. "ಎಲ್ಲಿ ಭಟ್ರೇ, ಇನ್ನೂ ಕೊಟ್ಟಿಲ್ಲ."

ಅರ್ಚಕರು ನಕ್ಕರು. "ಇನ್ನೇನು, ಅಮ್ಮನವ್ರು ಎದ್ದು ಬಂದು ನಿಮ್ಮ ಕಿಸೆಗೆ ಹಾಕ್ಬೇಕಾ? ಬಲಗಡೆಯೇ ಆಗಿದೆ. ನೋಡಿ ಅಲ್ಲಿ."

ನಾನು ಮುಂದೆ ಬಂದು ಇವರ ಮುಖ ನೋಡಿದೆ. ಕಣ್ಣು ತೆರೆದಿತ್ತು. ಮುಚ್ಚಿರಲೇ ಇಲ್ಲ. ನೋಟ ನೇರವಾಗಿ ಅಮ್ಮನವರ ಮುಖದ ಮೇಲಿತ್ತು. ಅದರಿಂದ ಒಂದು ಗೇಣು ಎಡಕ್ಕೆ, ಪೀಠಕ್ಕೆ ಹಾಸಿದ ಬಿಳಿ ಬಟ್ಟೆಯ ಮೇಲೆ, ಆ ಕೆಂಪು ಹೂವು ಬಿದ್ದಿತ್ತು. ಇವರು ಕುತ್ತಿಗೆಯನ್ನು ಪೂರ್ತಿ ತಿರುಗಿಸಿದರು. ಆಗ ಕಂಡಿತು. "ಓ" ಅಂದು ಕೆನ್ನೆಗೆ ಬಡಿದುಕೊಂಡರು.

ಉಪ್ಪಿನಕಾಯಿ ಕೇಳಿದ ಆ ಮಧ್ಯಾಹ್ನವೂ ಇವರು ಹೀಗೇ ತಿರುಗಿ ನೋಡಿದ್ದರು. ಅರ್ಚಕರು ಹೂವನ್ನು ಇವರ ಕೈಗಿಟ್ಟು, "ಧೈರ್ಯವಾಗಿ ಕಾರಲ್ಲೇ ಹೋಗ್ಬನ್ನಿ" ಅಂದರು.

ವಾಪಸು ಬರುವಾಗ ಇವರು ಬಹಳ ಖುಷಿಯಲ್ಲಿದ್ದರು. "ನಿನ್ನ ಮಗಳಿಗೆ ಈಗ್ಲೇ ಹೇಳ್ಬಿಡು. ಅಮ್ಮನವ್ರ ಮುಂದೆ ಅವಳ ಏರ್‌ಪೋರ್ಟ್ ನಡಿಯಲ್ಲ" ಅಂದರು. ಗಾಡಿ ಓಡಿಸುವವರ ಎಡಪಕ್ಕದ ಸೀಟು ನನ್ನದು. ಇಷ್ಟು ದಿನ ಇವರಿಗೆ ಕಾಣದ ಕಡೆಯಲ್ಲೇ ಕೂತು ಹೋಗಿ ಬಂದಿದ್ದೆನಲ್ಲ, ಆ ಕಡೆಯ ಚರಂಡಿ, ಕಲ್ಲು, ಸೈಕಲ್ಲು, ಕರು ಎಲ್ಲವನ್ನೂ ಅವತ್ತು ಒಂದೊಂದಾಗಿ ನೋಡುತ್ತಾ ಬಂದೆ. ಒಂದೊಂದೂ ಕಾರಿಗೆ ತೀರಾ ಹತ್ತಿರದಲ್ಲೇ ಸರಿದುಹೋಗುತ್ತಿತ್ತು. ಬಾಯಲ್ಲಿ ಅಮ್ಮನವರ ಹೆಸರು ಹೇಳುತ್ತಿದ್ದೆ. ಅದೇ ಅಮ್ಮನವರು ಹೋಗಿ ಅಂದಿದ್ದರು. ನಾನು ಯಾರನ್ನು ಕರೆಯಬೇಕು?

ಗೋಣಿಬೀಡಿಗೆ ಇನ್ನೂ ಸ್ವಲ್ಪ ದೂರವಿತ್ತು. ತೋಟದ ಕೆಲಸದ ಮೂರ್ನಾಲ್ಕು ಹೆಂಗಸರು ರಸ್ತೆಯ ಎಡಕ್ಕೆ ಸಾಲಾಗಿ ನಡೆದು ಹೋಗುತ್ತಿದ್ದರು. ಕೊನೆಯವಳ ತಲೆಯ ಮೇಲೆ ಸೌದೆ ಹೊರೆ. ಈಗ ಬಲಕ್ಕೆ ತಿರುಗಿಸುತ್ತಾರೆ, ಈಗ ತಿರುಗಿಸುತ್ತಾರೆ ಅಂತ ಕಾದೆ. ಇವರು ಏನೋ ಹೇಳುತ್ತಾ ನೇರ ಹೋಗುತ್ತಲೇ ಇದ್ದರು.

"ರೀ, ಬಲಕ್ಕೆ" ಅಂದೆ. ಇವರ ಮೇಲೆ ನಾನು ಹಿಂದೆಂದೂ ಅಷ್ಟು ಜೋರಾಗಿ ಕೂಗಿದವಳಲ್ಲ.

ಕಾರು ಬಲಕ್ಕೆ ಎಳೆಯಿತು. ಹೊರೆಯಿಂದ ಇಳಿಬಿದ್ದಿದ್ದ ಸೌದೆಯ ತುದಿ ಕಾರಿನ ಎಡಗಡೆ ಕನ್ನಡಿಗೆ ತಾಗಿ ಫಟ್ ಅಂದಿತು. ಇವರು ಬ್ರೇಕು ಒತ್ತಿ, "ಎಂಥದದು ಸದ್ದು?" ಅಂತ ಕೇಳಿದರು. ನಿಜವಾಗಿಯೂ ಕೇಳಿದರು.

ಇಳಿದು ಹಿಂದಕ್ಕೆ ಓಡಿದೆ. ಹೊರೆ ರಸ್ತೆಯ ಮೇಲೆಲ್ಲ ಚೆಲ್ಲಿತ್ತು. ಆ ಹೆಂಗಸು ಚರಂಡಿಯಲ್ಲಿ ಕೂತಿದ್ದಳು. ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. ನಾನು ಅವಳ ಕೈ ಹಿಡಿದೆ.

"ನೀವು ಬಿಡಿ ಅಮ್ಮ, ನಾನೇ ಏಳ್ತೀನಿ" ಅಂದಳು. "ಗೌಡ್ರು ಕಣ್ಣು ಮನೇಲಿ ಬಿಟ್ಟು ಬಂದಿದಾರನ? ಇಷ್ಟು ದೊಡ್ಡ ಹೆಂಗ್ಸು ಕಾಣಲ್ಲ ಅಂದ್ರೆ ನಾಳೆ ಆನೆ ಬಂದ್ರೂ ಗುದ್ತಾರೆ." ಉಳಿದವರು ನಕ್ಕರು. ನಾನೂ ನಗಬೇಕಾಗಿತ್ತು. ಸೌದೆ ಆರಿಸಿಕೊಟ್ಟು, ಅವಳನ್ನು ಹಾಗೇ ಬಿಟ್ಟು ಕಾರಿನ ಹತ್ತಿರ ಬಂದೆ.

ಎಡಗಡೆಯ ಕಿಟಕಿ ತೆರೆದಿತ್ತು. ನಾನು ಅದರ ಪಕ್ಕದಲ್ಲಿ ಸುಮ್ಮನೆ ನಿಂತೆ. ಕೈ ಚಾಚಿದರೆ ಇವರ ಭುಜ ಸಿಗುವಷ್ಟು ಹತ್ತಿರ. ಇವರು ಮುಂದಕ್ಕೆ ನೋಡುತ್ತಾ ಕೂತಿದ್ದರು. ಸ್ವಲ್ಪ ಹೊತ್ತು ಕಾದು, ದೂರ ಇರುವವರನ್ನು ಕರೆಯುವ ಹಾಗೆ ಗಟ್ಟಿಯಾಗಿ, "ಎಲ್ಲಿ ಹೋದ್ಯೇ?" ಅಂದರು.

"ಇಲ್ಲೇ ಇದೀನಿ" ಅಂದೆ.

ಇವರು ಬೆಚ್ಚಿಬಿದ್ದರು. ಕುತ್ತಿಗೆ ತಿರುಗಿಸಿ ನನ್ನ ಮುಖ ನೋಡಿದರು. ಕಾಣುತ್ತದೋ ಇಲ್ಲವೋ ಎಂದು ನಾನು ಕೇಳಬೇಕಾಗಿರಲಿಲ್ಲ.

"ಎಷ್ಟು ದಿನದಿಂದ?"

ಇವರು ಇಂಜಿನ್ ಆರಿಸಿ ಹೇಳಿದರು. "ದೀಪಾವಳಿ ಹೊತ್ತಿಗೆ ಒಂದಿನ ತೋಟದಲ್ಲಿ ತಲೆ ತಿರುಗ್ತು. ಕೂತೆ. ಸರಿಹೋಯ್ತು. ಆಮೇಲಿಂದ ಎಡಗಡೆದು ಕಾಣಲ್ಲ. ಕತ್ಲೆ ಅಂತ ಅಲ್ಲ. ಆ ಕಡೆ ಅನ್ನೋದೇ ಇಲ್ಲ."

"ಹಾಗಿದ್ರೂ ಕಾರಲ್ಲೇ ಹೋಗೋದು ಅಂತ ಹಟ ಎಂಥಕ್ಕೆ?"

"ಏರ್‌ಪೋರ್ಟಲ್ಲಿ ಬೋರ್ಡ್ ಓದಕ್ಕಾಗಲ್ಲ. ಅಕ್ಷರದ ಮುಂಚಿನ ಅರ್ಧ ಸಿಗಲ್ಲ ನಂಗೆ. ಆ ಜನದಲ್ಲಿ ಹೋಗಿ ಯಾರ‍್ಯಾರಿಗೋ ಗುದ್ತೀನಿ. ಹಾಸನದ ಮದುವೇಲಿ ಗುದ್ದಿದ್ದಕ್ಕೆ ಕುಡ್ದಿದಾನೆ ಅಂದ್ರು, ಗೊತ್ತಾ? ಮಗಳ ಮುಂದೆ, ಆ ಮಗು ಮುಂದೆ ಹಾಗೆ ಆಗೋದು ಬೇಡ. ಕಾರಾದ್ರೆ ನಂದು. ರಸ್ತೆ ನಂಗೆ ಗೊತ್ತು."

ಅಲ್ಲಿಂದ ಮನೆಗೂ ಇವರೇ ಓಡಿಸಿದರು. ನನಗೆ ಓಡಿಸಲು ಬರುವುದಿಲ್ಲ. "ಎಡಕ್ಕೆ ಆಟೋ ನಿಂತಿದೆ, ಎಡಕ್ಕೆ ಇಬ್ಬರು ಮಕ್ಕಳು, ಈಗ ಏನೂ ಇಲ್ಲ" ಅಂತ ನಾನು ಹೇಳುತ್ತಾ ಬಂದೆ. ಇವರು ನಾನು ಹೇಳಿದ ಹಾಗೆ ಸ್ಟೇರಿಂಗ್ ತಿರುಗಿಸುತ್ತಾ ಬಂದರು. ಮನೆಗೆ ಬಂದವಳೇ ಮಗಳಿಗೆ ಫೋನು ಮಾಡಿದೆ.

ಅಳಿಯ ಬಂದು ಮಂಗಳೂರಿಗೆ ಕರೆದುಕೊಂಡು ಹೋದ. ಕಣ್ಣಿಗೆ ಏನೂ ಆಗಿಲ್ಲ, ಮಿದುಳಿನಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡು ಎರಡೂ ಕಣ್ಣಿನ ಎಡಭಾಗದ ನೋಟ ಹೋಗಿದೆ ಅಂದರು ಡಾಕ್ಟರು. ಇಷ್ಟು ತಡವಾದ ಮೇಲೆ ಹೋದದ್ದು ಬರುವುದು ಕಷ್ಟ. ಇನ್ನೊಂದು ಆಗದಂತೆ ನೋಡಿಕೊಳ್ಳಬೇಕು. ಸ್ಟೇರಿಂಗ್ ಮುಟ್ಟಬಾರದು. ಪ್ರಯಾಣ ಸದ್ಯಕ್ಕೆ ಯಾವುದೂ ಬೇಡ. ಕಾರೋ ವಿಮಾನವೋ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಹಡಗಿಗೆ ಮಗಳು, ಅಳಿಯ, ಮಗು ಮಾತ್ರ ಹೋದರು. ಹೋಗಲೇಬೇಕು ಅಂತ ಇವರೇ ಗದರಿಸಿ ಕಳಿಸಿದರು.

ಆ ಹೂವಿನ ವಿಷಯ ನನಗೆ ಈಗಲೂ ಬಗೆಹರಿದಿಲ್ಲ. ಅಮ್ಮನವರು ಕಾರಿನಲ್ಲಿ ಹೋಗಿ ಅಂದಿದ್ದೇ ನಿಜವಾದರೆ, ನಾವು ಮೊದಲ ಸಲ ಪ್ರಸಾದ ಮೀರಿದ್ದೇವೆ. ಇವರಿಗೆ ಕಾಣುವುದಿಲ್ಲ ಎಂದು ನನಗೆ ತೋರಿಸಲಿಕ್ಕೇ ಆ ಕಡೆಯ ಹೂ ಬೀಳಿಸಿದರು ಅಂದುಕೊಂಡರೆ, ಅದು ನನಗೆ ಬೇಕಾದ ಹಾಗೆ ನಾನು ಮಾಡಿಕೊಂಡ ಅರ್ಥವೂ ಇರಬಹುದು. ಅರ್ಚಕರನ್ನು ಕೇಳಿಲ್ಲ. ಈಗ ದೀಪ ಹಚ್ಚುವಾಗ ಪುಣ್ಯ ಅನ್ನಲು ಬಾಯಿ ತೆರೆದರೆ, ಇದು ಯಾವುದರ ಶುರುವೋ ಅಂತ ಒಂದು ಗಳಿಗೆ ನಿಲ್ಲುತ್ತೇನೆ. ಆ ಹೆಂಗಸಿಗೆ ಏನೂ ಆಗಲಿಲ್ಲ ಎಂಬುದೊಂದನ್ನು ಮಾತ್ರ ನಿಲ್ಲದೆ ಹೇಳುತ್ತೇನೆ.

ಕಾರು ಶೆಡ್ಡಿನಲ್ಲಿದೆ. ನಿಂತ ಗಾಡಿಯ ಬ್ಯಾಟರಿ ಇಳಿಯುತ್ತದೆ ಅಂತ ಇವರು ದಿನಾ ಬೆಳಿಗ್ಗೆ ಹೋಗಿ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಾರೆ. ನಾನು ಅಡುಗೆಮನೆಯಲ್ಲಿ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳುತ್ತಾ ನಿಲ್ಲುತ್ತೇನೆ. ಸದ್ದು ಇದ್ದಲ್ಲೇ ಇದೆಯೋ, ಸರಿಯುತ್ತಿದೆಯೋ ಅಂತ. ಇವತ್ತು ಐದು ನಿಮಿಷಕ್ಕಿಂತ ಹೆಚ್ಚೇ ಆಯಿತು. ಒಂದು ಸಲ ಗೇರು ಹಾಕಿದ ಹಾಗೂ ಕೇಳಿತು. ಆಮೇಲೆ ನಿಂತಿತು. ಒಳಗೆ ಬಂದು ಕೈ ತೊಳೆದು ತಿಂಡಿಗೆ ಕೂತರು. ಕೀ ಅಂಗಿಯ ಕಿಸೆಯಲ್ಲೇ ಇತ್ತು. ಅದನ್ನು ಕೊಡಿ ಅಂತ ಕೇಳಬೇಕು. ಮೂವತ್ತೈದು ವರ್ಷದಲ್ಲಿ ಇವರ ಕೈಯಿಂದ ನಾನು ಏನನ್ನೂ ಕಿತ್ತುಕೊಂಡವಳಲ್ಲ. ನಾಳೆ ಬೆಳಿಗ್ಗೆ, ಇವರು ಶೆಡ್ಡಿನ ಕಡೆ ಹೊರಡುವ ಮೊದಲು ಕೇಳಬೇಕು.