ನನ್ನ ಕೈಯ ಹಿಂಡಿ ಎತ್ತು ತಿನ್ನಲಿಲ್ಲ

1989ನೇ ಇಸವಿ. ನಾನು ಮದುವೆಯಾಗಿ ಲಿಂಗಸುಗೂರಿನಿಂದ ಸಿಂಧನೂರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಾವನವರದು ದನದ ಹಿಂಡಿ, ಹತ್ತಿಕಾಳು, ಬೂಸಾ ಮಾರುವ ಅಂಗಡಿ. ಹರೆಯದಲ್ಲಿ ಅವರು ಗಾಣದಿಂದ ಶೇಂಗಾ ಹಿಂಡಿ ತಂದು, ರಸ್ತೆ ಬದಿ ಬುಟ್ಟಿ ಇಟ್ಟುಕೊಂಡು ಕೂಡುತ್ತಿದ್ದರಂತೆ. ಕಾಲುವೆ ನೀರು ಬಂದು ಊರು ಬೆಳೆದಂತೆ ಬುಟ್ಟಿ ಹೋಗಿ ಅಂಗಡಿಯಾಯಿತು. ಕಾಯಿಪಲ್ಲೆ ಬೀಜ, ಹೂವಿನ ಸಸಿ, ತೋಟದ ಗೊಬ್ಬರ ಎಲ್ಲ ಬಂದವು. ಆದರೆ ಬುಟ್ಟಿ ಕಾಲದ ಒಂದು ಪದ್ಧತಿಯನ್ನು ಮಾವ ಬಿಟ್ಟಿರಲಿಲ್ಲ. ರೈತರು ದನ ಹೊಡೆದುಕೊಂಡು ಬಂದರೆ ಮೊದಲು ಒಂದು ಹಿಡಿ ಹಿಂಡಿ ಅದರ ಬಾಯಿಗೆ ಹಿಡಿಯಬೇಕು. ಅದು ತಿಂದರಷ್ಟೇ ವ್ಯಾಪಾರ. "ತಿನ್ನೋದು ಅದು. ನಡುವ ನಾವ್ಯಾಕ ಮಾತಾಡಬೇಕು?" ಎನ್ನುತ್ತಿದ್ದರು.

ಒಂದು ಸಂತೆಯ ದಿನ ಮಾವನಿಗೆ ಜ್ವರ. ಯಜಮಾನರು ಮಾಲು ತರಲು ರಾಯಚೂರಿಗೆ ಹೋಗಿದ್ದರು. ಆಗ ನಮ್ಮಲ್ಲಿ ಸೊಸೆಯಂದಿರು ಅಂಗಡಿಯಲ್ಲಿ ಕೂಡುತ್ತಿರಲಿಲ್ಲ. ಅತ್ತೆ ಬೇಡವೆಂದರೂ "ನಾ ಕೂಡ್ತೀನ್ರಿ" ಎಂದು ಹಟ ಹಿಡಿದೆ. ಪಿಯುಸಿ ಓದಿದವಳೆಂಬ ಜಂಬ ಬೇರೆ. "ಕುಂದರ್ಲಿ ಬಿಡು" ಎಂದು ಮಾವ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದರು.

ಮಧ್ಯಾಹ್ನ ಪಾಮನಕಲ್ಲೂರಿನ ರೈತನೊಬ್ಬ ಹೊಸದಾಗಿ ಕೊಂಡ ಎತ್ತುಗಳನ್ನು ಹೊಡೆದುಕೊಂಡು ಬಂದ. ನಾನು ಮಾವನ ಗತ್ತಿನಲ್ಲೇ ಹಿಂಡಿ ಹಿಡಿದು ಮುಂದೆ ಚಾಚಿದೆ. ಎತ್ತು ಮೂಸಿ, ಬುಸ್ಸೆಂದು ಮುಖ ತಿರುಗಿಸಿತು. ಇನ್ನೊಂದೂ ಹಾಗೇ ಮಾಡಿತು. ಸಂತೆಯ ಮಂದಿ ನೆರೆಯಿತು.

ಬದನೆ ಬೀಜಕ್ಕೆ ಬಂದಿದ್ದ ಮುದುಕಿಯೊಬ್ಬಳು, "ಹೊಸ ಸೊಸಿ ಕೈಗುಣ ಚಲೋ ಇಲ್ಲ ಕಾಣಸ್ತದ. ನಿನ್ನ ಕೈಲೆ ಬೀಜ ಬ್ಯಾಡವ್ವ, ನಿಮ್ಮ ಮಾವ ಬಂದಮ್ಯಾಲ ಒಯ್ತೀನಿ" ಎಂದಳು. ಬೀಜದ ಅಂಗಡಿಯ ಸೊಸೆಗೆ ಇದಕ್ಕಿಂತ ಕೆಟ್ಟ ಹೆಸರು ಬೇಕೆ?

"ನನ್ನ ಕೈದೇನೈತ್ರಿ? ಹಿಂಡೀನ ಹಳೇದಿರಬೇಕು" ಎಂದುಬಿಟ್ಟೆ.

"ಕೇಳಿದ್ರೇನ್ರಿ? ಮನಿ ಸೊಸೀನ ಹೇಳಾಕತ್ಯಾಳ!" ಎಂದು ರೈತ ಎತ್ತು ತಿರುಗಿಸಿದ. ಚೀಲ ಹಿಡಿದು ನಿಂತವರೂ ಅಂಗಡಿಯ ಕಟ್ಟೆಯಿಂದ ಕೆಳಗಿಳಿಯತೊಡಗಿದರು.

ಅಷ್ಟರಲ್ಲಿ ಮಾವ ಕಂಬಳಿ ಹೊದ್ದೇ ಹೊರಗೆ ಬಂದರು. ನನ್ನ ಮಾತು ಅವರ ಕಿವಿಗೆ ಬಿದ್ದಿತ್ತು. ಅದೇ ಚೀಲದ ಹಿಂಡಿಯನ್ನು ತಮ್ಮ ಕೈಯಲ್ಲಿ ಎತ್ತಿನ ಮುಂದೆ ಹಿಡಿದರು. ಎತ್ತು ತಿಂದು ಅಂಗೈ ನೆಕ್ಕಿತು. ಹಿಂಡಿ ಚಲೋ ಇದೆಯೆಂದಾಯಿತು. ಈಗ ಎಲ್ಲರೂ ನನ್ನ ಕೈಯನ್ನೇ ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಕೈ ತಾರವ್ವ ಇಲ್ಲಿ" ಎಂದು ಮಾವ ಮೂಸಿ ನೋಡಿದರು. "ಬೇವಿನ ಹಿಂಡಿ ಮುಟ್ಟಿದ್ದೇನು?"

ಬೆಳಿಗ್ಗೆ ಒಬ್ಬರಿಗೆ ಗಿಡಗಳ ಬುಡಕ್ಕೆ ಹಾಕಲು ಬೇವಿನ ಹಿಂಡಿ ತುಂಬಿಕೊಟ್ಟು, ಕೈಯನ್ನು ಬರೀ ಸೆರಗಿಗೆ ಒರೆಸಿಕೊಂಡಿದ್ದೆ. ಆ ಕಹಿ ವಾಸನೆಗೆ ಯಾವ ದನ ಬಾಯಿ ಹಾಕೀತು?

ಮಾತಿನಲ್ಲಿ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಮಾವ ಬೇವಿನ ಹಿಂಡಿ ತೆಗೆದು ತಮ್ಮ ಎರಡೂ ಅಂಗೈಗೆ ತಿಕ್ಕಿಕೊಂಡರು. ಮತ್ತೆ ಶೇಂಗಾ ಹಿಂಡಿ ಹಿಡಿದು ಅದೇ ಎತ್ತಿನ ಮುಂದೆ ನಿಂತರು. ಎತ್ತು ಬುಸ್ಸೆಂದು ಮುಖ ತಿರುಗಿಸಿತು. ಆ ಕಡೆ ಹೋಗಿ ಹಿಡಿದರು, ಈ ಕಡೆ ತಿರುಗಿಸಿತು.

"ನೋಡ್ರಪಾ, ನನ್ನ ಕೈಗುಣಾನೂ ಹೋತು! ಇನ್ನ ಅಂಗಡ್ಯಾಗ ಯಾರು ಕುಂದರಬೇಕು?" ಎಂದರು.

ಮಂದಿ ಗೊಳ್ಳೆಂದು ನಕ್ಕಿತು. ರೈತ ಚೀಲ ಬಿಚ್ಚಿದ. ಮುದುಕಿ ನನ್ನ ಮುಂದೆಯೇ ಸೆರಗೊಡ್ಡಿ, "ಕೊಡವ್ವ ಬೀಜ, ಕೈ ತೊಳಕೊಂಡು ಕೊಡು" ಎಂದಳು.

ಕೈ ತೊಳೆಯಲು ಹೋದವಳು ಬಚ್ಚಲಲ್ಲೇ ಬಹಳ ಹೊತ್ತು ಅಳುತ್ತ ನಿಂತೆ. ಸಂಜೆ "ಹಿಂಡಿ ಹಳೇದು ಅಂದಿದ್ದು ತಪ್ಪಾತ್ರೀ ಮಾವಾರ" ಎಂದೆ. ಅವರು, "ಜ್ವರದಾಗ ಏನೂ ಕೇಳ್ಸಿಲ್ಲವ್ವ ನನಗ. ನಾಳಿ ಲಗೂ ಅಂಗಡಿ ಬಾಗಲಾ ತಗಿ" ಎಂದರು.

ಆಮೇಲೆ ವರ್ಷಗಟ್ಟಲೆ ನಾನು ಆ ಅಂಗಡಿಯಲ್ಲಿ ಕೂತೆ. ಅಂದು ನನ್ನ ಮಾನ ಉಳಿಸಿಕೊಳ್ಳಲೆಂದು ನಾನು, ಅವರು ಜೀವಮಾನವಿಡೀ ಗಳಿಸಿದ ಹೆಸರನ್ನು ಒಂದೇ ಮಾತಿನಲ್ಲಿ ಬೀದಿಗೆ ಹಾಕಿದ್ದೆ. ಜ್ವರದ ಮೈಯಲ್ಲಿ ಎದ್ದು ಬಂದ ಆ ಹಿರಿಯ ಜೀವ, ಸಂತೆಯ ಮಂದಿಯೆದುರು ಎತ್ತಿನಿಂದ ಬೇಡವೆನ್ನಿಸಿಕೊಂಡು ನಗೆಗೀಡಾಗಿ ನಿಂತದ್ದು ನನಗೋಸ್ಕರ. ನೆನೆದರೆ ಇವತ್ತಿಗೂ ತಲೆ ತಾನಾಗಿ ತಗ್ಗುತ್ತದೆ.