ನಮ್ಮಕ್ಕನ ಪಟ್ಟಿ

ನಮ್ಮಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಮನೆಯಲ್ಲಿ ಅವಳನ್ನು ‘ಹೆಡ್‌ಮೇಷ್ಟ್ರು’ ಅನ್ನುತ್ತೇವೆ, ಎದುರಿಗಲ್ಲ. ಪುರಸಭೆಯಲ್ಲಿ ಹತ್ತೊಂಬತ್ತು ವರ್ಷ ಗುಮಾಸ್ತೆಯಾಗಿ ಸವೆದವಳು, ಈಗ ಆರು ವರ್ಷದಿಂದ ಒಂದೇ ಒಂದು ಪಟ್ಟಿಯನ್ನು ಕಾಯುತ್ತಿದ್ದಾಳೆ. ನಾಲ್ಕು ಊರುಗಳ ಸೂರಿಲ್ಲದವರ ಪಟ್ಟಿ.

ಅದಕ್ಕೆ ಮೊದಲು ನಮ್ಮ ಕಡೆ ನಡೆಯುತ್ತಿದ್ದುದು ಬರೀ ಎತ್ತಂಗಡಿ. ನಮ್ಮೂರಿನ ಬಸ್ ನಿಲ್ದಾಣದಲ್ಲಿ ಮಲಗಿದವರನ್ನು ಪೊಲೀಸರು ಗಾಡಿ ಹತ್ತಿಸಿ ಪಕ್ಕದೂರಿನ ಗಡಿಯಲ್ಲಿ ಇಳಿಸಿ ಬರುತ್ತಿದ್ದರು. ವಾರದೊಳಗೆ ಅಲ್ಲಿಯವರು ಅವರನ್ನೇ ವಾಪಸ್ಸು ತಂದು ಬಿಡುತ್ತಿದ್ದರು. ಎರಡೂ ಊರಿನ ಕಡತದಲ್ಲಿ ‘ಸಮಸ್ಯೆ ಬಗೆಹರಿದಿದೆ’ ಎಂದು ಷರಾ. ಒಬ್ಬನೇ ಮುದುಕ ಒಂದು ತಿಂಗಳಲ್ಲಿ ಐದು ಸಲ ಹೀಗೆ ಓಡಾಡಿದ್ದು ಅಕ್ಕನ ಕಣ್ಣಿಗೆ ಬಿತ್ತು. ಎರಡೂ ಕಡತ ಒಯ್ದು ಸಾಹೇಬರ ಮೇಜಿನ ಮೇಲೆ ಕುಕ್ಕಿ, “ನಾವೇನು ಬಸ್ ಸರ್ವೀಸ್ ನಡೆಸ್ತಿದ್ದೀವಾ ಸಾರ್?” ಎಂದು ಕೇಳಿದಳಂತೆ. ಕೆಲಸ ಹೋಗುತ್ತದೆ ಅಂದುಕೊಂಡಿದ್ದೆವು. ಹೋಗಲಿಲ್ಲ, ಹೆಚ್ಚಾಯಿತು. ನಾಲ್ಕು ಪುರಸಭೆ, ಠಾಣೆಗಳು, ಆಶ್ರಯ ಕೇಂದ್ರಗಳು, ನಾನು ಕೆಲಸ ಮಾಡುವ ಆಸ್ಪತ್ರೆ, ಎಲ್ಲರೂ ಒಂದೇ ಪಟ್ಟಿಗೆ ಬಂದರು. ಯಾರು ಯಾರನ್ನು ಎಲ್ಲಿಗೆ ಕಳಿಸಿದರೂ ಕಂಪ್ಯೂಟರಿನಲ್ಲಿ ಟಿಕ್ ಮಾಡಬೇಕು.

ಖಾಯಂ ಕೋಣೆ ಖಾಲಿಯಾದರೆ ಪಟ್ಟಿಯಲ್ಲಿ ಮೊದಲಿದ್ದವರು ಗೊತ್ತು ಮಾಡಿದ ದಿನ ಮಧ್ಯಾಹ್ನ ಹನ್ನೆರಡರೊಳಗೆ ಆ ಕೋಣೆಯಿರುವಲ್ಲಿಗೇ ಖುದ್ದಾಗಿ ಬಂದು ಸಹಿ ಹಾಕಬೇಕು. ತಪ್ಪಿದರೆ ಎರಡನೆಯವರಿಗೆ. ಈ ಹನ್ನೆರಡರ ನಿಯಮವೂ ಅಕ್ಕನದೇ.

ಆ ಮಂಗಳವಾರದ ಕೋಣೆ ಇಸ್ತ್ರಿ ಅಮ್ಮನದು. ಮೂವತ್ತು ವರ್ಷ ನಮ್ಮೂರಿನ ಬಟ್ಟೆ ಇಸ್ತ್ರಿ ಮಾಡಿದ ಹೆಂಗಸು. ಬಾಡಿಗೆಗಿದ್ದ ಮನೆ ಕೆಡವಿದ ಮೇಲೆ ತನ್ನ ತಳ್ಳುಗಾಡಿಯ ಕೆಳಗೇ ಟಾರ್ಪಾಲು ಕಟ್ಟಿಕೊಂಡು ಎರಡು ವರ್ಷ ಮಲಗಿದಳು. ಸಕ್ಕರೆ ಕಾಯಿಲೆ, ಕಾಲಿಗೆ ಹುಣ್ಣು, ನಮ್ಮ ಆಸ್ಪತ್ರೆಯಲ್ಲಿ ಹನ್ನೆರಡು ದಿನ. ಶನಿವಾರ ಅವಳನ್ನು ಡಿಸ್ಚಾರ್ಜ್ ಮಾಡಿದವಳು ನಾನು.

ಮಂಗಳವಾರ ಒಂಬತ್ತೂವರೆಗೆ ನನ್ನ ಕೌಂಟರಿಗೆ ಅಕ್ಕನ ಫೋನ್ ಬಂತು.

“ಇಸ್ತ್ರಿ ಅಮ್ಮ ಎಲ್ಲೇ?”

“ಪಕ್ಕದೂರಿನ ಕೇಂದ್ರದಲ್ಲಿ. ಪಟ್ಟಿ ನೋಡಕ್ಕಾ, ಬಂದು ಸೇರಿದ್ದಾರೆ ಅಂತ ಟಿಕ್ ಇದೆಯಲ್ಲ.”

“ಟಿಕ್ ಇದೆ, ಹೆಂಗಸಿಲ್ಲ. ಅವರು ಆಯಮ್ಮನ ಮುಖಾನೇ ನೋಡಿಲ್ಲವಂತೆ. ನಿಜ ಹೇಳು, ಶನಿವಾರ ಆಯಮ್ಮ ಕೇಂದ್ರದ ಗಾಡಿ ಹತ್ತಿದ್ದನ್ನ ನೀನು ಕಣ್ಣಾರೆ ನೋಡಿದ್ಯಾ?”

ಶನಿವಾರ ನಮ್ಮ ಕೌಂಟರು ಒಂದು ಗಂಟೆಗೆ ಮುಚ್ಚುತ್ತದೆ. ಗಾಡಿ ಬರುವ ತನಕ ಕಾದರೆ ನಾನು ಮೂರಕ್ಕೆ ಮನೆ ಸೇರಬೇಕು. ಹಾಗಾಗಿ ಮೊದಲೇ ‘ಕಳಿಸಿಕೊಡಲಾಗಿದೆ’ ಎಂದು ಟಿಕ್ ಮಾಡಿ ಎದ್ದು ಹೋಗುವುದು ನಮ್ಮಲ್ಲಿ ರೂಢಿ. ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದ್ದೆ.

“ಹೂಂ, ನೋಡಿದೆ” ಅಂದೆ.

ಸುಳ್ಳು ಎಷ್ಟು ಸಲೀಸಾಗಿ ಬಂತು ಅಂದರೆ ನನಗೇ ಆಶ್ಚರ್ಯ. ನನಗೀಗ ನಲವತ್ತಾರು, ಆದರೂ ಅಕ್ಕನಿಂದ ಬೈಸಿಕೊಳ್ಳುವ ಹೆದರಿಕೆ ಹೋಗಿಲ್ಲ. ಗಾಡಿ ಹತ್ತಿಯೇ ಇರುತ್ತಾಳೆ, ಎಲ್ಲಿಗೆ ಹೋಗುತ್ತಾಳೆ, ಎಂದು ಸಮಾಧಾನ ಹೇಳಿಕೊಂಡೆ.

ನನ್ನ ಆ ಒಂದು ಹೂಂಗುಟ್ಟಿದ ಮಾತನ್ನು ನಂಬಿ ಅಕ್ಕ ಪಕ್ಕದೂರನ್ನೆಲ್ಲ ಜಾಲಾಡಿಸಿದಳು. ನಮ್ಮ ಕೇಂದ್ರದ ವ್ಯಾನು ಆ ಕಡೆಗೆ ಓಡಿತು. ಅಲ್ಲಿನ ಪೊಲೀಸರು ರೈಲು ನಿಲ್ದಾಣ, ಮಾರುಕಟ್ಟೆ, ಸೇತುವೆ ಕೆಳಗೆಲ್ಲ ಹುಡುಕಿದರು. ನಾನು ಕೌಂಟರಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ. ಹತ್ತು ಗಂಟೆ, ಹತ್ತೂಕಾಲು. ಹತ್ತು ನಲವತ್ತಕ್ಕೆ ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕಾ, ನಾನು ನೋಡಿರ್ಲಿಲ್ಲ. ಮೊದಲೇ ಟಿಕ್ ಮಾಡಿ ಮನೆಗೆ ಹೋಗ್ಬಿಟ್ಟೆ.”

ಬೈಗುಳಕ್ಕೆ ತಯಾರಾಗಿ ಕಣ್ಣು ಮುಚ್ಚಿಕೊಂಡೆ.

“ಎಲ್ಲಿ ಬಿಟ್ಟು ಹೋದೆ?”

“ಒಳಗಡೆ ಹಾಲ್‌ನಲ್ಲಿ. ರೋಗಿಗಳ ಕಡೆಯವರು ಕೂರೋ ಬೆಂಚು.”

“ಹೋಗಿ ನೋಡು” ಎಂದು ಫೋನ್ ಇಟ್ಟಳು.

ಇದ್ದಳು. ಮೂರನೇ ಬೆಂಚಿನ ಮೂಲೆಯಲ್ಲಿ, ಮಡಿಲಲ್ಲಿ ಬಟ್ಟೆಗಂಟು, ಬ್ಯಾಂಡೇಜು ಸುತ್ತಿದ ಕಾಲು ಮುಂದಕ್ಕೆ ಚಾಚಿಕೊಂಡು. ಮೂರು ದಿನ, ಮೂರು ರಾತ್ರಿ. ಯಾರೋ ರೋಗಿಯ ಕಡೆಯವಳೆಂದು ಕಾವಲುಗಾರ ಎಬ್ಬಿಸಿರಲಿಲ್ಲ, ಅಕ್ಕಪಕ್ಕ ಕೂತವರು ತಮ್ಮ ಊಟದಲ್ಲೇ ಒಂದಿಷ್ಟು ಕೊಟ್ಟಿದ್ದರು. ನಾನು ಸೋಮವಾರ ನಾಲ್ಕು ಸಲವಾದರೂ ಆ ಬೆಂಚಿನ ಮುಂದೆಯೇ ಓಡಾಡಿದ್ದೇನೆ. ನೋಡಿಲ್ಲ. ಕಂಪ್ಯೂಟರಿನಲ್ಲಿ ಹೋಗಿಯಾಗಿದ್ದವಳು ಬೆಂಚಿನ ಮೇಲೆ ಯಾಕೆ ಕಾಣುತ್ತಾಳೆ?

ನನ್ನನ್ನು ಕಂಡು ಅವಳ ಮುಖ ಅರಳಿತು. “ಗಾಡಿ ಬಂತೇನಮ್ಮಾ?”

ನಿಂತಲ್ಲೇ ಅಕ್ಕನಿಗೆ ಫೋನ್ ಮಾಡಿದೆ. ಕೋಣೆಯಿದ್ದ, ಅಕ್ಕ ಕಾಯುತ್ತಿದ್ದ ಊರು ನಲವತ್ತು ನಿಮಿಷದ ದಾರಿ. ವ್ಯಾನು ನನ್ನ ಸುಳ್ಳಿನ ಬೆನ್ನು ಹತ್ತಿ ಬೇರೆ ದಿಕ್ಕಿಗೆ ಹೋಗಿತ್ತು. ಸಹಾಯಕ್ಕೆ ಬರುವ ಊರಲ್ಲ ಪಕ್ಕದೂರು, ಹಿಂದೆಲ್ಲ ನಮಗೆ ಒಂದು ಸೈಕಲ್ಲೂ ಕೊಡುತ್ತಿರಲಿಲ್ಲ. ಆದರೆ ಅಕ್ಕ ಅದೇನು ಹೇಳಿದಳೋ, ಗಡಿಯ ಹತ್ತಿರವೇ ಇದ್ದ ಅಲ್ಲಿನ ನೈರ್ಮಲ್ಯ ವಿಭಾಗದ ಜೀಪು ಹನ್ನೊಂದು ಗಂಟೆ ಐದು ನಿಮಿಷಕ್ಕೆ ನಮ್ಮ ಗೇಟಿನಲ್ಲಿ ನಿಂತಿತು. ಹಿಂದಿನ ಸೀಟಿನ ತುಂಬ ಇದ್ದ ಪೊರಕೆಗಳನ್ನು ಸರಿಸಿ ಇಸ್ತ್ರಿ ಅಮ್ಮನ ಜೊತೆ ನಾನೂ ಹತ್ತಿದೆ.

ಅರ್ಧ ದಾರಿಯಲ್ಲಿ ರೈಲ್ವೆ ಗೇಟು ಬಿತ್ತು. ಡ್ರೈವರು ಸ್ಟೇರಿಂಗ್ ಮೇಲೆ ಬೆರಳು ಬಡಿಯುತ್ತ ಕೂತ. ಎರಡು ನಿಮಿಷ, ಐದು ನಿಮಿಷ, ರೈಲಿನ ಸುಳಿವೇ ಇಲ್ಲ. ನಾನು ನಾಚಿಕೆ ಬಿಟ್ಟು ಅಕ್ಕನಿಗೆ ಫೋನ್ ಮಾಡಿ ಕೇಳಿದೆ: “ಹತ್ತೇ ಹತ್ತು ನಿಮಿಷ ಜಾಸ್ತಿ ಕೊಡಕ್ಕಾ. ತಪ್ಪು ನಂದು, ಆಯಮ್ಮಂದಲ್ಲ.”

“ಈ ಹತ್ತು ನಿಮಿಷಾನೇ ಕಣೇ ಹಿಂದೆ ಎಲ್ಲರೂ ತಮ್ಮತಮ್ಮವರಿಗೆ ಅಂತ ಕೇಳ್ತಿದ್ದಿದ್ದು. ಎರಡನೇ ಹೆಸರಿನ ಹೆಂಗಸು ಎರಡು ಮಕ್ಕಳನ್ನ ಕರ್ಕೊಂಡು ಇಲ್ಲೇ ನನ್ನೆದುರಿಗೆ ಕೂತಿದ್ದಾಳೆ. ಅವಳಿಗೆ ಏನಂತ ಹೇಳ್ಲಿ? ನನ್ನ ತಂಗಿ ತಪ್ಪು ಮಾಡಿದ್ಲು, ಸ್ವಲ್ಪ ಕಾಯಮ್ಮಾ ಅಂತಲಾ?”

ಅವಳ ಧ್ವನಿ ಒಡೆದಿತ್ತು. ಆದರೂ ಜಪ್ಪಯ್ಯ ಅಂದರೂ ಬಗ್ಗುವವಳಲ್ಲ.

ಗೇಟು ಎದ್ದಾಗ ಹನ್ನೊಂದು ನಲವತ್ತು. ಡ್ರೈವರು ಹೇಗೆ ಓಡಿಸಿದನೋ, ನಾವು ಇಳಿದಾಗ ಇನ್ನು ನಾಲ್ಕು ನಿಮಿಷ ಉಳಿದಿತ್ತು. ಮೆಟ್ಟಿಲ ಹತ್ತಿರ ಅಕ್ಕ ರಿಜಿಸ್ಟರು ಹಿಡಿದುಕೊಂಡು ನಿಂತಿದ್ದಳು. ಇಸ್ತ್ರಿ ಅಮ್ಮ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಎರಡನೆಯವಳು ಸುರುಳಿ ಸುತ್ತಿದ ಹಾಸಿಗೆ ಎತ್ತಿಕೊಂಡು ಮಕ್ಕಳ ಜೊತೆ ಹೊರಗೆ ಹೋದಳು. ಮುಂದಿನ ಕೋಣೆ ಅವಳದೇ, ಆದರೆ ಅದು ಯಾವಾಗ ಖಾಲಿಯಾಗುತ್ತದೆಂದು ಅಕ್ಕನಿಗೂ ಗೊತ್ತಿಲ್ಲ. ಅವಳು ತಿರುವಿನಲ್ಲಿ ಮರೆಯಾಗುವ ತನಕ ಅಕ್ಕ ನೋಡುತ್ತಲೇ ಇದ್ದಳು.

ಕೋಣೆ ನೆಲ ಅಂತಸ್ತಿನಲ್ಲಿತ್ತು. ಒಂದು ಕಿಟಕಿ, ಒಂದು ಮಂಚ, ಗೋಡೆಗೆ ಹೊಸ ಸುಣ್ಣ. ಇಸ್ತ್ರಿ ಅಮ್ಮ ಮಂಚದ ಅಂಚಿನಲ್ಲಿ, ಅರ್ಧ ಆಚೆಗೇ ಇರುವ ಹಾಗೆ ಕೂತಳು. ಗಂಟನ್ನು ಮಡಿಲಿಂದ ಇಳಿಸಲಿಲ್ಲ.

ಅಲ್ಲಿಯ ತನಕ ನನ್ನನ್ನು ಒಂದು ಮಾತೂ ಅನ್ನದಿದ್ದ ಅಕ್ಕ ಈಗ ಶುರು ಮಾಡಿದಳು. “ಮೂರು ಕಚೇರಿ, ಮೂರು ಟಿಕ್ಕು! ನೀನು ಕಳಿಸಿದೆ ಅಂದೆ. ನಮ್ಮೂರಿನ ಕೇಂದ್ರದವರು ಬೆಡ್ ಇಲ್ಲ ಅಂತ ಪಕ್ಕದೂರಿಗೆ ವರ್ಗ ಮಾಡಿದ್ರು, ಗಾಡೀನೇ ಕಳಿಸ್ಲಿಲ್ಲ. ಅವರು ಬೆಡ್ ಬೇರೆಯವರ ಪಾಲಾಗದಿರಲಿ ಅಂತ ಬರೋ ಮೊದಲೇ ಬಂದ್ರು ಅಂದ್ರು. ಎಲ್ಲರೂ ಕೈ ತೊಳ್ಕೊಂಡ್ರಿ. ಮನುಷ್ಯರು ಎಲ್ಲಿದ್ದಾರೆ ಅಂತ ಒಬ್ಬರಾದ್ರೂ ನೋಡಿದ್ರಾ?”

“ಬೈಬೇಡಿ ಅವರನ್ನ” ಅಂದಳು ಇಸ್ತ್ರಿ ಅಮ್ಮ. “ಪಾಪ, ಸರಿಯಾಗೇ ಹೇಳಿ ಹೋಗಿದ್ರು. ಅಮ್ಮಾ, ಇಲ್ಲಿಂದ ಏಳ್ಬೇಡಿ, ಎದ್ರೆ ಗಾಡಿಯವರಿಗೆ ಸಿಗಲ್ಲ ಅಂತ. ಬಚ್ಚಲಿಗೆ ಹೋಗೋದು ಬಿಟ್ರೆ ನಾನು ಏಳ್ಲೇ ಇಲ್ಲ.” ಹೇಳಿದ ಕೆಲಸವನ್ನು ಚೆನ್ನಾಗಿ ಮಾಡಿದವಳ ಹೆಮ್ಮೆ ಅವಳ ಮುಖದಲ್ಲಿತ್ತು.

ಆಮೇಲೆ ಅಕ್ಕನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: “ಇಲ್ಲಿಂದ ಎಷ್ಟು ಹೊತ್ತಿಗೆ ಏಳ್ಬೇಕು?”

ಅಪ್ಪ ಸತ್ತಾಗಲೂ ಎಲ್ಲರೆದುರು ಅಳದ ಅಕ್ಕ ಗೋಡೆ ಕಡೆ ತಿರುಗಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ಉತ್ತರ ನಾನೇ ಹೇಳಬೇಕಾಯಿತು.

“ಏಳೋದು ಬೇಡಮ್ಮಾ. ಇದು ನಿಮ್ಮದೇ.”

ಇಸ್ತ್ರಿ ಅಮ್ಮ ನನ್ನನ್ನು ನೋಡಿದಳು. ಆಮೇಲೆ, ನಂಬಬೇಕೋ ಬೇಡವೋ ಎಂಬಂತೆ, ಅಕ್ಕನ ಕಡೆ ನೋಡಿದಳು.