ಕೊರಳಿಗೊಂದು ದಾರ

ಕೊಪ್ಪಳದ ನಮ್ಮ ಓಣಿಗೆ ಬೇಸಿಗೆಯಲ್ಲಿ ನಾಯಿ ಹಿಡಿಯುವವನು ಬರುತ್ತಿದ್ದ. ಹುಚ್ಚುನಾಯಿಗಳ ಭಯದ ಕಾಲ. ಹಿಡಿದವನ್ನೆಲ್ಲ ಊರ ಹೊರಗೆ ಕೊಲ್ಲುತ್ತಿದ್ದರು. ಕೊರಳಲ್ಲಿ ಪಟ್ಟಿಯೋ ದಾರವೋ ಇದ್ದರೆ ಮುಟ್ಟಬಾರದೆಂದು ಹುಕುಂ. ಅವನ ಮುಖ ನೆನಪಿದೆ ಎಂದರೆ ಅದು ನಾನೇ ಕಟ್ಟಿಕೊಂಡದ್ದಾದೀತು. ದನಿ ಮಾತ್ರ ಉಳಿದಿದೆ. ಕುಣಿಕೆಯ ಕೋಲನ್ನು ಬೆನ್ನ ಹಿಂದೆ ಹಿಡಿದು ಪ್ರತಿ ಬಾಗಿಲಲ್ಲೂ ಕೂಗುತ್ತಿದ್ದ: “ಸಾಕಿದ್ದಿದ್ರ ಕೊಳ್ಳಾಗ ಏನರ ಕಟ್ರೆವ್ವಾ!”

ಒಂದು ದಿನ ಎದುರುಮನೆಯ ಅಜ್ಜಿ ಸೆಕೆಗೆಂದು ತನ್ನ ನಾಯಿಯ ಮೈಮೇಲೆ ನೀರು ಹೊಯ್ದು, ಪಟ್ಟಿ ಬಿಚ್ಚಿ ಹಗ್ಗದ ಮೇಲೆ ಒಣಹಾಕಿದ್ದಳು. ನಾಯಿ ಬಾಲ ಆಡಿಸುತ್ತ ಅವನ ಬಳಿಗೇ ಹೋಯಿತು. ಗಂಡಸು ಬದುಕಿರುವವರೆಗೆ ಬಿಚ್ಚದ ತನ್ನ ಉಡದಾರವನ್ನೇ ಹರಿದು ಅವನು ಅದರ ಕೊರಳಿಗೆ ಸುತ್ತಿದ. ಹಿಂದೆಯೇ ಬಂದ ಅವನ ಮೇಲಿನ ಅಧಿಕಾರಿ, ಮುನ್ಸಿಪಾಲಿಟಿಯ ದಾರೋಗ, ಕಂಡುಬಿಟ್ಟ.

“ಲೇ, ನಿನ್ನ ಉಡದಾರ ಕಟ್ಟಿದ್ರ ಅದು ನಿನ್ನ ಮಗಾ ಆಕ್ಕೈತೇನು?”

“ಈ ಅವ್ವಂದು ಐತ್ರಿ ಸಾಹೇಬ್ರ. ಪಟ್ಟಿ ಅಲ್ಲೇ ಒಣಗಾಕತ್ತೈತಿ, ನೋಡ್ರಿ.”

“ಪಟ್ಟಿ ಹಗ್ಗದ ಮ್ಯಾಲ ಐತಿ, ಕೊಳ್ಳಾಗ ಇಲ್ಲ. ಹಿಡಿ!”

ಅವನು ಹಿಡಿದ. ಅಜ್ಜಿ ಕೂಗಾಡಿದಳೋ ಸುಮ್ಮನೆ ನಿಂತಳೋ, ಹೇಳಲಾರೆ.

ಮರುಬೇಸಿಗೆಯಲ್ಲೂ ಬಂದ. ರೂಢಿಯಿಂದ ಆ ಬಾಗಿಲಲ್ಲೂ ಕೂಗಿದ. ಒಳಗಿನಿಂದ ಅಜ್ಜಿ ಕೇಳಿದಳು: “ಯಾರ ಕೊಳ್ಳಿಗಿ ಕಟ್ಟಲೋ ಯಪ್ಪಾ?”

ಅವನು ಪಕ್ಕದ ಮನೆಗೆ ಹೋಗಿ ಅದನ್ನೇ ಕೂಗಿದ.